‘ಮುಟ್ಟಿನ ಮಾತ್ರೆ ಕೊಡಿ’ ಅಂದರೆ ಯಾವುದನ್ನು ಕೊಡಲಿ?

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಮೆಡಿಕಲ್ ಶಾಪಿನ ಕೌಂಟರಿಗೆ ಒಂದು ಮಾತು ತಪ್ಪದೆ ಬರುತ್ತದೆ. ಅಂಗಡಿ ಮುಂದೆ ಗಂಡಸರು ಯಾರೂ ಇಲ್ಲದ ಹೊತ್ತು ನೋಡಿಕೊಂಡು, ದನಿ ತಗ್ಗಿಸಿ, "ಅಕ್ಕಾ, ಆ ಮುಟ್ಟಿನ ಮಾತ್ರೆ ಕೊಡಿ." ಯಾವುದಮ್ಮಾ ಎಂದು ಕೇಳಿದರೆ, "ಅದೇ, ಎಲ್ಲರೂ ತಗೊಳ್ತಾರಲ್ಲ."

ಎಲ್ಲರೂ ತಗೊಳ್ಳುವುದು ಒಂದೇ ಮಾತ್ರೆ ಆಗಿದ್ದರೆ ಚೆನ್ನಾಗಿತ್ತು. ವರಮಹಾಲಕ್ಷ್ಮಿ ಪೂಜೆಗೆ ಡೇಟ್ ಮುಂದೂಡುವ ಮಾತ್ರೆಗೂ ಅದೇ ಹೆಸರು. ಸದ್ಯಕ್ಕೆ ಮಗು ಬೇಡ ಎಂದು ದಿನಾ ನುಂಗುವುದಕ್ಕೂ ಅದೇ. ಪಿಸಿಒಡಿ (ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗುವುದು) ಎಂದು ಡಾಕ್ಟರು ಮೂರು ತಿಂಗಳಿಗೆ ಬರೆದದ್ದಕ್ಕೂ, ನಿನ್ನೆ ರಾತ್ರಿಯ ಆತಂಕಕ್ಕೆ ಇವತ್ತು ಬೆಳಿಗ್ಗೆ ಬೇಕಾದದ್ದಕ್ಕೂ ಅದೇ. ಈ ಗೊಂದಲ ಕೌಂಟರಿನಲ್ಲೇ ಮುಗಿಯುವುದಿಲ್ಲ. ಮುಂದೆ ಜ್ವರಕ್ಕೋ ಫಿಟ್ಸಿಗೋ ಟಿಬಿಗೋ ಡಾಕ್ಟರ ಹತ್ತಿರ ಹೋದಾಗ, "ಬೇರೆ ಏನಾದ್ರೂ ಮಾತ್ರೆ ತಗೊಳ್ತಿದೀರಾ?" ಎಂಬ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬರುತ್ತದೆ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ, ಅಥವಾ ಇದೂ ಒಂದು ಔಷಧಿ ಎಂದು ಹೊಳೆದೇ ಇರುವುದಿಲ್ಲ. ಆ ಒಂದು "ಇಲ್ಲ"ದಿಂದ ಏನೇನಾಗಬಹುದು ಎಂದು ತಿಳಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಟ್ರಿಪ್ ತಿರುಗಿಸಿ ಓದಿ

ದೊಡ್ಡಕ್ಷರದ ಕಂಪನಿ ಹೆಸರು ಬಿಡಿ, ಅದರ ಕೆಳಗೆ ಸಣ್ಣದಾಗಿ ಅಚ್ಚಾಗಿರುವ ಔಷಧದ ಹೆಸರು ನೋಡಿ. ಎಥಿನೈಲ್ ಎಸ್ಟ್ರಡಯಾಲ್ ಎಂದಿದ್ದು, ಜೊತೆಗೆ ಲೆವೊನಾರ್ಜೆಸ್ಟ್ರೆಲ್, ಡೆಸೊಜೆಸ್ಟ್ರೆಲ್, ಡ್ರೊಸ್ಪೈರಿನೋನ್ ಅಥವಾ ಸೈಪ್ರೊಟೆರೋನ್ ಎಂದಿದ್ದರೆ ಅದು ಎರಡು ಹಾರ್ಮೋನು ಸೇರಿಸಿದ ಸಂಯುಕ್ತ ಮಾತ್ರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಕೂಡ ಈ ಜಾತಿಯದೇ. ಅದರ 28 ಮಾತ್ರೆಗಳಲ್ಲಿ 21ರಲ್ಲಿ ಮಾತ್ರ ಹಾರ್ಮೋನು ಇದೆ, ಬೇರೆ ಬಣ್ಣದ ಕೊನೆಯ 7 ಬರೀ ಕಬ್ಬಿಣಾಂಶ. ಪಿಸಿಒಡಿಗೆ ಬರೆಯುವ ಮಾತ್ರೆಗಳಲ್ಲಿ ಹೆಚ್ಚಿನವೂ ಇವೇ. "ನನ್ನ ಮಗಳಿಗೆ ಇನ್ನೂ ಮದುವೆ ಆಗಿಲ್ಲ, ಅದು ಮುಟ್ಟು ಸರಿ ಮಾಡೋ ಮಾತ್ರೆ, ಬೇರೇದಲ್ಲ" ಎಂದು ನನ್ನ ಜೊತೆ ಜಗಳಕ್ಕೆ ನಿಂತ ತಾಯಂದಿರಿದ್ದಾರೆ. ಮಾತ್ರೆ ಅದೇ, ಬಳಸುವ ಕಾರಣ ಬೇರೆ. ಹಾಗಾಗಿ ಕೆಳಗೆ ಹೇಳುವುದೆಲ್ಲ ಆ ಹುಡುಗಿಗೂ ಅನ್ವಯಿಸುತ್ತದೆ.

ಛಾಯಾ ಎಂದಿದ್ದರೆ ಅದರ ಲೆಕ್ಕವೇ ಬೇರೆ. ಅದರಲ್ಲಿ ಹಾರ್ಮೋನಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಸೆಂಟ್‌ಕ್ರೋಮಾನ್ ಅದು. 1991ರಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು, 2016ರಿಂದ ಸರ್ಕಾರದ ಕುಟುಂಬ ಯೋಜನೆಯಲ್ಲಿ ಛಾಯಾ ಆಯಿತು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು.

ನೋರೆಥಿಸ್ಟೆರೋನ್ 5 ಮಿ.ಗ್ರಾಂ. ಎಂದಿದ್ದರೆ ಡೇಟ್ ಮುಂದೂಡಲು ಬಳಸುವ ಮಾತ್ರೆ. ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ.ನ ಒಂಟಿ ಮಾತ್ರೆಯಾದರೆ, ರಕ್ಷಣೆಯಿಲ್ಲದೆ ಸೇರಿದ ಮೇಲೆ ಗರ್ಭ ತಡೆಯಲು ನುಂಗುವ ತುರ್ತು ಮಾತ್ರೆ.

ನನ್ನದೇ ವೃತ್ತಿಯ ಮೇಲೆ ಒಂದು ದೂರು ಹೇಳಿಬಿಡುತ್ತೇನೆ. ಆರು ಮಾತ್ರೆ ಸಾಕು ಎಂದವರಿಗೆ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತೇವೆ, ಹೆಸರು ಇರುವ ತುದಿ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಕತ್ತರಿಸುವ ಮುಂಚೆ ಇಡೀ ಸ್ಟ್ರಿಪ್ಪಿನ ಫೋಟೊ ತೆಗೆದುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ.

ತಿಂಗಳಿಗೊಮ್ಮೆ ಬರುವ ಆ ರಕ್ತ ನಿಜವಾದ ಮುಟ್ಟಲ್ಲ

ಮಾತ್ರೆ ಇಲ್ಲದ ತಿಂಗಳಲ್ಲಿ ಅಂಡಾಶಯದಿಂದ ಅಂಡ ಬಿಡುಗಡೆಯಾಗುತ್ತದೆ, ಗರ್ಭಕೋಶದ ಒಳಪದರ ದಪ್ಪಗೆ ಬೆಳೆಯುತ್ತದೆ, ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ ಹೊರಬರುತ್ತದೆ. ಅದು ಮುಟ್ಟು. ಸಂಯುಕ್ತ ಮಾತ್ರೆ ಮೊದಲನೆಯ ಹೆಜ್ಜೆಯನ್ನೇ ತಡೆಯುತ್ತದೆ. ಅಂಡ ಬಿಡುಗಡೆ ಆಗುವುದಿಲ್ಲ, ಪದರವೂ ತೆಳ್ಳಗೇ ಉಳಿಯುತ್ತದೆ. 21 ಮಾತ್ರೆ ಮುಗಿದು ಕಬ್ಬಿಣದ ಮಾತ್ರೆ ಶುರುವಾದಾಗ ಹಾರ್ಮೋನು ಪೂರೈಕೆ ನಿಲ್ಲುತ್ತದಲ್ಲ, ಆ ಇಳಿತಕ್ಕೆ ತೆಳು ಪದರ ಉದುರುತ್ತದೆ. ನೀವು ಪ್ಯಾಡ್ ಇಟ್ಟುಕೊಳ್ಳುವುದು ಈ ಸ್ರಾವಕ್ಕೆ.

ಇಷ್ಟು ತಿಳಿದರೆ ಅರ್ಧ ಗಾಬರಿ ತಾನಾಗಿ ಹೋಗುತ್ತದೆ. ಸ್ರಾವ ಮೊದಲಿಗಿಂತ ಕಡಿಮೆಯಾಯಿತು, ಐದು ದಿನ ಬರುತ್ತಿದ್ದದ್ದು ಎರಡೇ ದಿನ ಬಂತು, ಬಣ್ಣ ಕಂದು ಎಂದು ಹೆದರುವವರು ಬಹಳ. "ಕೆಟ್ಟ ರಕ್ತ ಒಳಗೇ ನಿಂತುಬಿಟ್ಟಿದೆ" ಎಂದು ಅಜ್ಜಿ ಹೇಳಿರುತ್ತಾರೆ. ಒಳಗೆ ಏನೂ ನಿಂತಿರುವುದಿಲ್ಲ, ಉದುರಲು ಬೆಳೆದದ್ದೇ ಅಷ್ಟು. ರಕ್ತಹೀನತೆ ಇರುವವರಿಗೆ, ಮುಟ್ಟಿನ ನೋವಿಗೆ ಮುದುಡಿ ಮಲಗುವವರಿಗೆ ಇದು ಅನುಕೂಲವೇ.

ಮೊದಲ ಎರಡು ಮೂರು ತಿಂಗಳು ನಡುನಡುವೆ ಒಂದೆರಡು ಹನಿ ಕಾಣಿಸುವುದು ತೀರಾ ಸಾಮಾನ್ಯ. ಅದಕ್ಕೆ ಮಾತ್ರೆ ನಿಲ್ಲಿಸಬೇಡಿ. ಮೂರು ತಿಂಗಳು ದಾಟಿಯೂ ಮುಂದುವರಿದರೆ, ಅಥವಾ ತಿಂಗಳುಗಟ್ಟಲೆ ಸರಿಯಾಗಿದ್ದು ಇದ್ದಕ್ಕಿದ್ದಂತೆ ಹನಿ ಶುರುವಾದರೆ ಕಾರಣ ಹುಡುಕಬೇಕು. ಮಾತ್ರೆ ಮರೆತಿರಾ? ವಾಂತಿ ಭೇದಿ ಆಗಿತ್ತಾ? ಹೊಸ ಔಷಧಿ ಏನಾದರೂ ಸೇರಿತಾ? ಮೂರನೆಯ ಪ್ರಶ್ನೆಗೆ ಮುಂದೆ ಬರುತ್ತೇನೆ.

ಎಲ್ಲ ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಂಡಿದ್ದರೆ ಒಂದು ತಿಂಗಳು ಸ್ರಾವ ಬರದಿರುವುದೂ ಉಂಟು. ಮುಂದಿನ ಶೀಟ್ ಹೊತ್ತಿಗೆ ಸರಿಯಾಗಿ ಶುರುಮಾಡಿ. ಮಾತ್ರೆ ತಪ್ಪಿದ್ದರೆ, ಅಥವಾ ಸತತ ಎರಡು ತಿಂಗಳು ಬರದಿದ್ದರೆ ಗರ್ಭ ಪರೀಕ್ಷೆಯ ಕಿಟ್ ತಂದು ನೋಡಿ. ಸ್ವಲ್ಪ ರಕ್ತ ಕಂಡಿತು ಅಂದ ಮಾತ್ರಕ್ಕೆ ಗರ್ಭ ಇಲ್ಲ ಎಂದು ನಂಬಿ ಕೂರುವುದೂ ತಪ್ಪೇ.

ಛಾಯಾ ತೆಗೆದುಕೊಳ್ಳುವವರ ಅನುಭವ ಬೇರೆ. ಅದು ಅಂಡ ಬಿಡುಗಡೆಯನ್ನು ನಿಲ್ಲಿಸುವುದಿಲ್ಲ, ಒಳಪದರದ ಮೇಲೆ ಕೆಲಸ ಮಾಡುತ್ತದೆ. ಮುಟ್ಟು ತಡವಾಗಬಹುದು, ಕಡಿಮೆಯಾಗಬಹುದು, ವಿಶೇಷವಾಗಿ ಮೊದಲ ಮೂರು ತಿಂಗಳು. 15 ದಿನಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಿಸಿ. ಪಿಸಿಒಡಿ ಇರುವವರಿಗೆ, ಇತ್ತೀಚೆಗೆ ಕಾಮಾಲೆ ಆಗಿದ್ದವರಿಗೆ, ಟಿಬಿ ಅಥವಾ ಕಿಡ್ನಿ ಕಾಯಿಲೆ ಇರುವವರಿಗೆ ಅದನ್ನು ಕೊಡುವುದಿಲ್ಲ. ಆದರೆ ಹಾಲೂಡಿಸುವ ತಾಯಂದಿರಿಗೆ ಅದು ಒಳ್ಳೆಯ ಆಯ್ಕೆ. ಮಾಲಾ-ಎನ್‌ನಂಥ ಸಂಯುಕ್ತ ಮಾತ್ರೆಯನ್ನು ಮಗುವಿಗೆ ಆರು ತಿಂಗಳು ತುಂಬುವವರೆಗೆ ಹಾಲೂಡಿಸುವವರು ತೆಗೆದುಕೊಳ್ಳಬಾರದು.

ಶುರು ಮಾಡುವ ದಿನ, ಮರೆತ ದಿನ

ಮುಟ್ಟಾದ ಮೊದಲ ಐದು ದಿನದೊಳಗೆ ಸಂಯುಕ್ತ ಮಾತ್ರೆ ಶುರುಮಾಡಿದರೆ ಅಂದಿನಿಂದಲೇ ರಕ್ಷಣೆ. ಬೇರೆ ದಿನ ಶುರುಮಾಡಿದರೆ ಮೊದಲ 7 ದಿನ ಕಾಂಡೋಮ್ ಬೇಕು. ಹೊತ್ತು ನೆನಪಿಟ್ಟುಕೊಳ್ಳಲು ರಾತ್ರಿ ಊಟವಾದ ಮೇಲೆ, ಬಾಗಿಲ ಚಿಲಕ ಹಾಕುವಾಗ ಎಂದು ಗೊತ್ತುಮಾಡಿಕೊಂಡ ಗಿರಾಕಿಯೊಬ್ಬರಿದ್ದಾರೆ. ಫೋನಿನ ಅಲಾರಂಗಿಂತ ಅದು ಗಟ್ಟಿ.

ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಅವತ್ತಿನದನ್ನು ಅದರ ಹೊತ್ತಿಗೇ ನುಂಗಿ. ಒಂದೇ ದಿನ ಎರಡಾದರೂ ಪರವಾಗಿಲ್ಲ. ಎರಡು ಅಥವಾ ಹೆಚ್ಚು ಮರೆತರೆ ಕೊನೆಯದಾಗಿ ಮರೆತ ಒಂದನ್ನು ಮಾತ್ರ ತೆಗೆದುಕೊಂಡು ಹಿಂದಿನವನ್ನು ಬಿಟ್ಟುಬಿಡಿ, ಮುಂದಿನ 7 ದಿನ ಕಾಂಡೋಮ್ ಬಳಸಿ. ಮರೆತದ್ದು ಹಾರ್ಮೋನಿನ ಮೂರನೆಯ ವಾರದಲ್ಲಾದರೆ ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ನೇರ ಹೊಸ ಶೀಟಿಗೆ ಹೋಗಿ. ಕಬ್ಬಿಣದ್ದೇ ಮರೆತಿದ್ದರೆ ಚಿಂತೆಯಿಲ್ಲ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಿ.

ಜೊತೆಗೆ ನುಂಗುವ ಔಷಧಿಗಳು: ಇಲ್ಲಿ ನಿಧಾನವಾಗಿ ಓದಿ

ನುಂಗಿದ ಹಾರ್ಮೋನನ್ನು ಕೊನೆಗೆ ತೊಳೆದು ಹೊರಹಾಕುವುದು ಲಿವರಿನ ಕೆಲಸ. ದಿನಕ್ಕೊಂದು ಮಾತ್ರೆ ಎಂಬ ಲೆಕ್ಕ ಲಿವರಿನ ಮಾಮೂಲು ವೇಗಕ್ಕೆ ಹೊಂದಿಸಿದ್ದು. ಕೆಲವು ಔಷಧಿಗಳು ಲಿವರಿಗೆ ಹೆಚ್ಚು ಆಳುಗಳನ್ನು ತಂದು ನಿಲ್ಲಿಸುತ್ತವೆ. ಆಗ ಸಂಜೆಯವರೆಗೆ ಇರಬೇಕಾದ ಹಾರ್ಮೋನು ಮಧ್ಯಾಹ್ನಕ್ಕೇ ಖಾಲಿ. ಅಂಡಾಶಯಕ್ಕೆ ತಡೆ ತಪ್ಪುತ್ತದೆ. ಮಾತ್ರೆ ಒಂದು ದಿನವೂ ತಪ್ಪಿಸದ ಹೆಂಗಸು ಬಸಿರಾಗುವುದು ಹೀಗೆ.

ಇದರಲ್ಲಿ ಎಲ್ಲಕ್ಕಿಂತ ಜೋರಿನದು ಟಿಬಿಯ ರಿಫಾಂಪಿಸಿನ್. ನಮ್ಮ ಸರ್ಕಾರಿ ಚಿಕಿತ್ಸೆಯಲ್ಲಿ ಸಾಧಾರಣ ಟಿಬಿಗೆ ಆರು ತಿಂಗಳೂ ಇದು ಇರುತ್ತದೆ. 1970ರ ದಶಕದ ಆರಂಭದಲ್ಲಿ ಜರ್ಮನಿಯ ವೈದ್ಯರಿಗೆ ಈ ವಿಷಯ ತಿಳಿದದ್ದೇ ಮುಟ್ಟಿನಿಂದ. ಟಿಬಿ ಔಷಧಿಯ ಜೊತೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದ ಹೆಂಗಸರಿಗೆ ನಡುತಿಂಗಳಲ್ಲಿ ರಕ್ತಸ್ರಾವ ಶುರುವಾಗಿತ್ತು. ಇದ್ದಕ್ಕಿದ್ದಂತೆ ಕಾಣುವ ಹನಿಯನ್ನು ಹಗುರ ಮಾಡಬೇಡಿ ಎಂದದ್ದು ಇದಕ್ಕೇ. ಹಾಗೆಂದು ಹನಿ ಕಾಣದಿದ್ದರೆ ಎಲ್ಲ ಸರಿ ಇದೆ ಎಂದೂ ಅಲ್ಲ.

ಟಿಬಿ ಚಿಕಿತ್ಸೆ ಶುರುವಾದ ದಿನದಿಂದ ಮಾತ್ರೆಯೊಂದನ್ನೇ ನಂಬಬೇಡಿ. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಳ್ಳಬಹುದು. ಅದು ಕೆಲಸ ಮಾಡುವುದು ಗರ್ಭಕೋಶದೊಳಗೆ, ತಾಮ್ರದಿಂದ, ಹಾಗಾಗಿ ಲಿವರಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಕೂಡ ಈ ಔಷಧಿಗೆ ಬಗ್ಗುವುದಿಲ್ಲ, ಆದರೆ ಅದರಲ್ಲಿ ಮುಟ್ಟು ಏರುಪೇರಾಗಿ ಕ್ರಮೇಣ ನಿಂತೇ ಹೋಗುವುದುಂಟು, ಅದನ್ನು ಮೊದಲೇ ತಿಳಿದಿರಿ. ಎರಡೂ ಬೇಡವೆಂದರೆ ತಪ್ಪದೆ ಕಾಂಡೋಮ್. ರಿಫಾಂಪಿಸಿನ್ ಕೊನೆಯ ಮಾತ್ರೆ ನುಂಗಿದ ಮೇಲೂ 28 ದಿನ ಈ ಎಚ್ಚರ ಬೇಕು, ಬಂದ ಆಳುಗಳು ಒಂದೇ ದಿನದಲ್ಲಿ ಮನೆಗೆ ಹೋಗುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ಕಣ್ತಪ್ಪುತ್ತದೆ. ಮನೆಯಲ್ಲಿ ಒಬ್ಬರಿಗೆ ಟಿಬಿ ಎಂದಾದರೆ ಈಗ ಉಳಿದವರಿಗೂ ಮುನ್ನೆಚ್ಚರಿಕೆಯ ಮಾತ್ರೆ ಕೊಡುತ್ತಾರೆ. ವಾರಕ್ಕೊಮ್ಮೆಯಂತೆ 12 ವಾರ ನುಂಗುವ ಕೋರ್ಸಿನಲ್ಲಿ ರಿಫಾಪೆಂಟಿನ್ ಇದೆ, ರಿಫಾಂಪಿಸಿನ್ನಿನ ತಮ್ಮ ಅನ್ನಿ. ಮಾವನಿಗೆ ಕಾಯಿಲೆ, ಸೊಸೆಗೆ ಏನೂ ಇಲ್ಲ, ಆದರೂ ಸೊಸೆಯ ಗರ್ಭನಿರೋಧಕ ಮಾತ್ರೆ ಸೋರಿಹೋಗುತ್ತದೆ.

ಫಿಟ್ಸಿನ ಮಾತ್ರೆಗಳಲ್ಲಿ ಫೆನಿಟಾಯಿನ್, ಕಾರ್ಬಮಾಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫಿನೊಬಾರ್ಬಿಟೋನ್ ಇದೇ ಕೆಲಸ ಮಾಡುತ್ತವೆ. ಟೋಪಿರಮೇಟ್ ಹೆಚ್ಚಿನ ಡೋಸಿನಲ್ಲಿ ಮಾಡುತ್ತದೆ. ಈ ಮಾತ್ರೆಗಳನ್ನು ವರ್ಷಗಟ್ಟಲೆ ತಿನ್ನಬೇಕಾದ್ದರಿಂದ ಕಾಂಡೋಮಿನ ತಾತ್ಕಾಲಿಕ ಏರ್ಪಾಟು ಸಾಲದು, ವಂಕಿಯ ಬಗ್ಗೆ ಗಂಭೀರವಾಗಿ ಮಾತಾಡಿ. ಲೆವೆಟಿರಾಸಿಟಮ್ ಮತ್ತು ವಾಲ್ಪ್ರೊಯೇಟ್ ಗರ್ಭನಿರೋಧಕಕ್ಕೆ ಅಡ್ಡಿಯಲ್ಲ. ಆದರೆ ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿ, ಆದ್ದರಿಂದ ಅದನ್ನು ತಿನ್ನುತ್ತಿರುವವರು ಗರ್ಭನಿರೋಧಕವನ್ನು ತಾವಾಗಿ ನಿಲ್ಲಿಸಬಾರದು.

ಉಳಿದವು ಬೇಗ ಹೇಳುತ್ತೇನೆ. ಎಚ್‌ಐವಿ ಔಷಧಿಗಳಲ್ಲಿ ಎಫಾವಿರೆಂಜ್ ಅಡ್ಡಿ, ಈಗ ಹೆಚ್ಚಾಗಿ ಕೊಡುವ ಡೊಲುಟೆಗ್ರಾವಿರ್ ಅಲ್ಲ. ಹುಳುಕಡ್ಡಿಗೆ ಬರೆಯುವ ಗ್ರಿಸಿಯೋಫಲ್ವಿನ್ ಇದ್ದರೆ ಕಾಂಡೋಮ್ ಸೇರಿಸಿ. ತೂಕ ಇಳಿಸಲು, ಶುಗರಿಗೆ ಎಂದು 2025ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಟಿರ್ಜೆಪಟೈಡ್ ಇಂಜೆಕ್ಷನ್ನಿನದು ಬೇರೆ ದಾರಿ. ಅದು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡಿ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರದಂತೆ ಮಾಡುತ್ತದೆ. ಮೊದಲ ಇಂಜೆಕ್ಷನ್ ಆದ ಮೇಲೆ 4 ವಾರ, ಡೋಸ್ ಹೆಚ್ಚಿಸಿದಾಗಲೆಲ್ಲ ಮತ್ತೆ 4 ವಾರ ಕಾಂಡೋಮ್ ಬೇಕು.

ಮಾಮೂಲಿ ಆಂಟಿಬಯಾಟಿಕ್ ಬಗ್ಗೆ ಹೆದರಿಕೆ ಬೇಡ. ಅಮಾಕ್ಸಿಸಿಲಿನ್, ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್ ತೆಗೆದುಕೊಂಡರೆ ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಹಿಂದೆ ನಾವೂ ಹೇಳುತ್ತಿದ್ದೆವು. ಅದು ನಿಜವಲ್ಲ ಎಂದು ಈಗ ಗೊತ್ತಾಗಿದೆ. ಅವುಗಳಿಂದ ಜೋರು ಭೇದಿ, ವಾಂತಿ ಹತ್ತಿಕೊಂಡರೆ ಮಾತ್ರ ಮಾತ್ರೆ ಮರೆತಂತೆಯೇ ಲೆಕ್ಕ ಹಾಕಿ. ಆಯುರ್ವೇದದ್ದು, ಹರ್ಬಲ್ ಎಂಬುದನ್ನೂ ಡಬ್ಬಿ ಸಮೇತ ತಂದು ತೋರಿಸಿ.

ತಿರುಗಿ ಹೊಡೆಯುವುದೂ ಉಂಟು

ಗರ್ಭನಿರೋಧಕ ಮಾತ್ರೆಯೇ ಬೇರೆ ಔಷಧಿಯನ್ನು ಕೆಡಿಸುವುದನ್ನು ಯಾರೂ ಯೋಚಿಸುವುದಿಲ್ಲ. ಫಿಟ್ಸಿನ ಲಾಮೊಟ್ರಿಜಿನ್ ಅದಕ್ಕೆ ಒಳ್ಳೆಯ ಉದಾಹರಣೆ. ಸಂಯುಕ್ತ ಮಾತ್ರೆ ಸೇರಿದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧದಷ್ಟು ಇಳಿಯಬಹುದು, ವರ್ಷಗಳಿಂದ ನಿಂತಿದ್ದ ಫಿಟ್ಸ್ ಮರಳಬಹುದು. ಕಬ್ಬಿಣದ ಮಾತ್ರೆಯ ವಾರದಲ್ಲಿ ಮತ್ತೆ ಏರಿ ತಲೆಸುತ್ತು. ಶುರು ಮಾಡುವಾಗಲೂ ನಿಲ್ಲಿಸುವಾಗಲೂ ನರರೋಗ ವೈದ್ಯರಿಗೆ ಹೇಳಲೇಬೇಕು.

ಥೈರಾಯ್ಡ್ ಮಾತ್ರೆ ತಿನ್ನುವವರಿಗೆ ಡೋಸ್ ಸ್ವಲ್ಪ ಹೆಚ್ಚು ಬೇಕಾಗಬಹುದು. ಸಂಯುಕ್ತ ಮಾತ್ರೆ ಶುರುವಾಗಿ ಆರೆಂಟು ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕುತ್ತಿಗೆ, ಸೊಂಟದ ಹಿಡಿತಕ್ಕೆ ಕೊಡುವ ನೋವಿನ ಮಾತ್ರೆಗಳಲ್ಲಿ ಕೆಲವಕ್ಕೆ ಟಿಜಾನಿಡಿನ್ ಬೆರೆತಿರುತ್ತದೆ. ಗರ್ಭನಿರೋಧಕದ ಜೊತೆ ಅದು ರಕ್ತದಲ್ಲಿ ಹೆಚ್ಚಾಗಿ ಬಿಪಿ ಇಳಿದು ಮಂಪರು ಹತ್ತುತ್ತದೆ. ಡ್ರೊಸ್ಪೈರಿನೋನ್ ಇರುವ ಮಾತ್ರೆಯವರು ಮುಖದ ಕೂದಲಿಗೆ ಸ್ಪೈರೊನೊಲ್ಯಾಕ್ಟೋನ್, ಬಿಪಿಗೆ ಟೆಲ್ಮಿಸಾರ್ಟನ್ ಇಂಥವನ್ನೂ ತಿನ್ನುತ್ತಿದ್ದರೆ ಪೊಟ್ಯಾಸಿಯಂ ಪರೀಕ್ಷೆ ಬೇಕೇ ಎಂದು ಕೇಳಿ.

ನನಗೆ ಕೌಂಟರಿನಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವುದು ಟ್ರಾನೆಕ್ಸಾಮಿಕ್ ಆಸಿಡ್. ಸ್ರಾವ ಜಾಸ್ತಿ ಎಂದು ಚೀಟಿಯಿಲ್ಲದೆ ಬಂದು, ಅಕ್ಕನಿಗೆ ಕೊಟ್ಟಿದ್ದ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿ "ಇದೇ ಕೊಡಿ" ಎನ್ನುತ್ತಾರೆ. ಅದು ಕಟ್ಟಿದ ಹೆಪ್ಪು ಕರಗದಂತೆ ತಡೆದು ರಕ್ತ ನಿಲ್ಲಿಸುವ ಔಷಧಿ. ಎಸ್ಟ್ರೊಜನ್ (ಎಥಿನೈಲ್ ಎಸ್ಟ್ರಡಯಾಲ್ ಈ ಜಾತಿಯ ಹಾರ್ಮೋನು) ಇರುವ ಸಂಯುಕ್ತ ಮಾತ್ರೆಯೂ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು. ಮಾತ್ರೆಯ ಮೇಲಿದ್ದಾಗ ನಡುವೆ ಹನಿ ಕಂಡಿತೆಂದು ಇದನ್ನು ನುಂಗುವುದಂತೂ ಬೇಡವೇ ಬೇಡ.

ಹಬ್ಬಕ್ಕೆ ಮುಂದೂಡುವುದು

ಮುಟ್ಟಾದವರು ಪೂಜೆಗೆ ಬರಬಾರದೇ ಎಂಬುದರ ಬಗ್ಗೆ ನನಗೆ ನನ್ನದೇ ಅಭಿಪ್ರಾಯ ಇದೆ, ಅದನ್ನು ಕೌಂಟರಿನಲ್ಲಿ ಹೇಳುವುದಿಲ್ಲ. ಮುಂದೂಡಲೇಬೇಕು ಎಂದವರಿಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವುದು ನೋರೆಥಿಸ್ಟೆರೋನ್ 5 ಮಿ.ಗ್ರಾಂ., ದಿನಕ್ಕೆ ಮೂರು, ಡೇಟಿಗೆ ಮೂರು ದಿನ ಮುಂಚಿನಿಂದ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಹಬ್ಬದ ಹಿಂದಿನ ಸಂಜೆ ಓಡಿಬಂದು ಕೇಳಿದರೆ ಪ್ರಯೋಜನವಿಲ್ಲ. ಇದನ್ನು ತಿನ್ನುವ ದಿನಗಳಲ್ಲಿ ಗರ್ಭ ನಿಲ್ಲುವುದಿಲ್ಲ ಎಂದು ನಂಬಬೇಡಿ. ಈ ಡೋಸಿನಲ್ಲಿ ದೇಹದೊಳಗೆ ಅದರ ಸ್ವಲ್ಪ ಭಾಗ ಎಸ್ಟ್ರೊಜನ್ ಆಗಿ ಬದಲಾಗುತ್ತದೆ, ಆದ್ದರಿಂದ ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಮಾಲಾ-ಎನ್‌ನಂಥ ಮಾತ್ರೆಯ ಮೇಲೆ ಈಗಾಗಲೇ ಇರುವವರಿಗೆ ಈ ಮಾತ್ರೆಯ ಅಗತ್ಯವೇ ಇಲ್ಲ. ಆ ತಿಂಗಳ ಕಬ್ಬಿಣದ ಏಳು ಮಾತ್ರೆ ಬಿಟ್ಟು, ಮರುದಿನವೇ ಹೊಸ ಶೀಟಿನ ಹಾರ್ಮೋನು ಮಾತ್ರೆ ಶುರುಮಾಡಿದರೆ ಸ್ರಾವ ಬರುವುದಿಲ್ಲ. ಇದನ್ನು ತಿಳಿಯದೆ ಎರಡನ್ನೂ ಒಟ್ಟಿಗೆ ನುಂಗಿದವರನ್ನು ನೋಡಿದ್ದೇನೆ.

ತುರ್ತು ಮಾತ್ರೆ ನುಂಗಿದ ತಿಂಗಳು

ರಕ್ಷಣೆಯಿಲ್ಲದೆ ಸೇರಿದ 72 ಗಂಟೆಯೊಳಗೆ ಇದನ್ನು ನುಂಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆ ತಿಂಗಳ ಮುಟ್ಟು ಒಂದು ವಾರ ಹಿಂದೆ ಮುಂದೆ ಆಗುವುದು ಸಹಜ. ಮೂರು ವಾರವಾದರೂ ಆಗದಿದ್ದರೆ ಪರೀಕ್ಷೆ ಮಾಡಿ. ಮೇಲೆ ಹೇಳಿದ ಟಿಬಿ, ಫಿಟ್ಸ್ ಔಷಧಿಗಳು ಈ ಮಾತ್ರೆಯನ್ನೂ ದುರ್ಬಲ ಮಾಡುತ್ತವೆ. ಅವನ್ನು ತಿನ್ನುವವರಿಗೆ ಐದು ದಿನದೊಳಗೆ ವಂಕಿ ಹಾಕಿಸಿಕೊಳ್ಳುವುದೇ ನಂಬಿಕೆಯ ದಾರಿ, ನೇರ ಆಸ್ಪತ್ರೆಗೆ ಹೋಗಿ. ಗರ್ಭಪಾತದ ಕಿಟ್ ಇದಲ್ಲ. ಅದನ್ನು ಡಾಕ್ಟರ ಚೀಟಿಯಿಲ್ಲದೆ ಕೊಡುವುದಿಲ್ಲ ಎಂದರೆ ನಮ್ಮ ಮೇಲೆ ಸಿಟ್ಟಾಗಬೇಡಿ.

ಕಾಯದೆ ಓಡಬೇಕಾದ್ದು

ಒಂದೇ ಕಾಲು ಊದಿ ಮೀನಖಂಡ ನೋಯುವುದು, ಎದೆನೋವು, ಏದುಸಿರು, ಹಿಂದೆಂದೂ ಇಲ್ಲದ ತಲೆನೋವು, ಕಣ್ಣು ಮಂಜಾಗುವುದು, ಜೋರು ಹೊಟ್ಟೆನೋವು. ಇವುಗಳಲ್ಲಿ ಒಂದಾದರೂ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಕಣ್ಣ ಮುಂದೆ ಮಿಂಚು ಹೊಳೆದು ಬರುವ ಮೈಗ್ರೇನ್ ಇರುವವರು, ಬಿಪಿ ಹೆಚ್ಚಿರುವವರು, 35 ದಾಟಿ ಬೀಡಿ ಸಿಗರೇಟು ಸೇದುವವರು ಸಂಯುಕ್ತ ಮಾತ್ರೆ ಶುರುವೇ ಮಾಡಬಾರದು.

ಅತ್ತೆ ಪಕ್ಕದಲ್ಲಿ ಕೂತಿದ್ದರೆ

ಸ್ಟ್ರಿಪ್ಪಿನ ಫೋಟೊ ಫೋನಿನಲ್ಲಿ ಇರಲಿ. "ಬೇರೆ ಮಾತ್ರೆ?" ಎಂದಾಗ ಬಾಯಿಬಿಟ್ಟು ಹೇಳಲಾಗದಿದ್ದರೆ ಫೋನನ್ನು ಡಾಕ್ಟರ ಕಡೆ ಸರಿಸಿ, ಅವರಿಗೆ ಅರ್ಥವಾಗುತ್ತದೆ. ಅದೂ ಆಗದಿದ್ದರೆ ಬಿಪಿ ನೋಡುವ ಸಿಸ್ಟರ್ ಹತ್ತಿರ ಒಬ್ಬರೇ ಇರುವಾಗ ಹೇಳಿ, ಅಥವಾ ಮಾತ್ರೆ ತಂದುಕೊಡುವ ಆಶಾ ಕಾರ್ಯಕರ್ತೆಗೆ. ಕೊನೆಗೆ ಚೀಟಿ ಹಿಡಿದು ನಮ್ಮ ಕೌಂಟರಿಗೆ ಬಂದಾಗಲಾದರೂ ಸರಿ, ಆ ಫೋಟೊ ತೋರಿಸಿ "ಇದರ ಜೊತೆ ಇದು ಆಗುತ್ತಾ ಅಕ್ಕಾ?" ಎನ್ನಿ. ಉತ್ತರ ಗೊತ್ತಿದ್ದರೆ ಹೇಳುತ್ತೇವೆ, ಇಲ್ಲದಿದ್ದರೆ ಬರೆದ ಡಾಕ್ಟರಿಗೆ ನಾವೇ ಫೋನ್ ಮಾಡಿ ಕೇಳುತ್ತೇವೆ.